ಆವೃತ್ತಿ ಹೊಂದಾಣಿಕೆಯ ಹೊಣೆ: ಸೆಲೆನಿಯಂ ಸ್ಥಾಪನೆ ಸರಳಗೊಂಡ ಬಗೆ

ಜಾಲತಾಣಗಳ ಸ್ವಯಂಚಾಲಿತ ಪರೀಕ್ಷೆಗೆ ಬಳಸುವ ಮುಕ್ತ ತಂತ್ರಾಂಶಗಳಲ್ಲಿ ಸೆಲೆನಿಯಂ ಹಿರಿಯದು. 2004ರಲ್ಲಿ ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿದ್ದ ಜೇಸನ್ ಹಗಿನ್ಸ್ ಅದನ್ನು ರೂಪಿಸಿದಾಗ, ಪರೀಕ್ಷೆಯ ಆದೇಶಗಳು ಜಾವಾಸ್ಕ್ರಿಪ್ಟ್ ರೂಪದಲ್ಲಿ ಬ್ರೌಸರಿನ ಒಳಗೇ ಓಡುತ್ತಿದ್ದವಾದ್ದರಿಂದ ಬೇರೊಂದು ಚಾಲಕದ ಅಗತ್ಯವಿರಲಿಲ್ಲ. ಈ ವಿಧಾನಕ್ಕೆ ಬ್ರೌಸರಿನ ಭದ್ರತಾ ನಿಯಮಗಳು ಅಡ್ಡಿಯಾದವು. ಬ್ರೌಸರನ್ನು ಹೊರಗಿನಿಂದ ನಡೆಸುವ ವೆಬ್‌ಡ್ರೈವರ್ ಮಾದರಿಯು 2011ರ ಎರಡನೆಯ ಆವೃತ್ತಿಯಲ್ಲಿ ಸೆಲೆನಿಯಂನೊಂದಿಗೆ ಸೇರಿತು. 2018ರಲ್ಲಿ ಅದು ಜಾಲದ ಮಾನಕ ಸಂಸ್ಥೆಯಾದ ಡಬ್ಲ್ಯು3ಸಿಯ ಶಿಫಾರಸೂ ಆಯಿತು. ಸ್ಥಾಪನೆಯ ತೊಡಕು ಹುಟ್ಟಿದ್ದು ಈ ಸುಧಾರಣೆಯಿಂದಲೇ ಎಂಬುದನ್ನು ಗಮನಿಸಬೇಕು.

ಹೊಸ ಮಾದರಿಯಲ್ಲಿ ಮೂರು ಘಟಕಗಳು ಕೂಡಿ ಕೆಲಸ ಮಾಡಬೇಕಾಗುತ್ತದೆ: ಪರೀಕ್ಷೆ ಬರೆಯುವ ಭಾಷೆಯ ಗ್ರಂಥಾಲಯ, ಬ್ರೌಸರ್, ಮತ್ತು ಇವೆರಡರ ನಡುವೆ ಆದೇಶಗಳನ್ನು ಸಾಗಿಸುವ ‘ಡ್ರೈವರ್’ ಎಂಬ ಸಣ್ಣ ತಂತ್ರಾಂಶ. ಗ್ರಂಥಾಲಯವನ್ನು ಸೆಲೆನಿಯಂ ಬಳಗ ಹೊರತರುತ್ತದೆ. ಕ್ರೋಮ್‌ಡ್ರೈವರ್ ಕ್ರೋಮಿಯಂ ಯೋಜನೆಯದು, ಗೆಕೊಡ್ರೈವರ್ ಮೊಜಿಲ್ಲಾದ್ದು. ಇವು ಒಂದೊಂದೂ ತಮ್ಮದೇ ವೇಳಾಪಟ್ಟಿಯಲ್ಲಿ ಬದಲಾಗುತ್ತವೆ. ಅದರಲ್ಲೂ ಕ್ರೋಮ್ ಬಳಕೆದಾರನನ್ನು ಕೇಳದೆಯೇ ನವೀಕರಣಗೊಳ್ಳುವ ಸ್ವಭಾವದ್ದಾಗಿದ್ದು, 2021ರಲ್ಲಿ ಅದರ ಬಿಡುಗಡೆಯ ಅಂತರ ಆರು ವಾರದಿಂದ ನಾಲ್ಕು ವಾರಕ್ಕೆ ಇಳಿಯಿತು. ಕ್ರೋಮ್‌ನ ಮುಖ್ಯ ಆವೃತ್ತಿ ಸಂಖ್ಯೆಗೆ ಕ್ರೋಮ್‌ಡ್ರೈವರಿನ ಸಂಖ್ಯೆ ಹೊಂದದಿದ್ದರೆ ಸಾಮಾನ್ಯವಾಗಿ ಪರೀಕ್ಷೆ ಆರಂಭವೇ ಆಗುವುದಿಲ್ಲ. ಪರೀಕ್ಷೆಗೊಳಪಟ್ಟ ತಾಣದಲ್ಲಿ ಯಾವ ದೋಷವೂ ಇಲ್ಲದಿದ್ದರೂ ಇಡೀ ಸರಣಿ ವಿಫಲವೆಂದು ದಾಖಲಾಗುತ್ತದೆ.

ಇದಕ್ಕೆ ಮೊದಲು ಪರಿಹಾರ ಒದಗಿಸಿದವು ಬೋನಿ ಗಾರ್ಸಿಯಾ ಅವರು ಜಾವಾ ಭಾಷೆಗಾಗಿ ರಚಿಸಿದ ವೆಬ್‌ಡ್ರೈವರ್‌ಮ್ಯಾನೇಜರ್‌ನಂಥ ಹೊರಗಿನ ಯೋಜನೆಗಳು. ಒಂದೊಂದು ಭಾಷೆಗೂ ಒಂದೊಂದು ಪರಿಹಾರ ಬೆಳೆದದ್ದರಿಂದ ಒಂದೇ ಕೆಲಸ ಹಲವೆಡೆ ಪುನರಾವರ್ತನೆಯಾಯಿತು. 2022ರ ನವೆಂಬರಿನಲ್ಲಿ ಸೆಲೆನಿಯಂ 4.6ರೊಂದಿಗೆ ಬಂದ ಸೆಲೆನಿಯಂ ಮ್ಯಾನೇಜರ್ ರಸ್ಟ್ ಭಾಷೆಯಲ್ಲಿ ಬರೆದ ಒಂದೇ ಸಾಧನವಾಗಿದ್ದು, ಎಲ್ಲ ಭಾಷೆಗಳ ಗ್ರಂಥಾಲಯಗಳೂ ಅದನ್ನೇ ಕರೆಯುತ್ತವೆ. ಅದು ಯಂತ್ರದಲ್ಲಿರುವ ಬ್ರೌಸರಿನ ಆವೃತ್ತಿಯನ್ನು ಪತ್ತೆಹಚ್ಚಿ, ಅದಕ್ಕೆ ಒಪ್ಪುವ ಡ್ರೈವರನ್ನು ತಂದು, ಮರುಬಳಕೆಗಾಗಿ ಒಂದು ಕಡತಕೋಶದಲ್ಲಿ ಇರಿಸುತ್ತದೆ.

ಇದಕ್ಕಿಂತ ಆಳವಾದ ಬದಲಾವಣೆ 2023ರಲ್ಲಿ ಬಂದ ‘ಕ್ರೋಮ್ ಫಾರ್ ಟೆಸ್ಟಿಂಗ್’ ಎನ್ನಬೇಕು. ಪರೀಕ್ಷೆಗೆಂದೇ ಗೂಗಲ್ ಹೊರತಂದ ಈ ಬ್ರೌಸರ್ ತಾನಾಗಿ ನವೀಕರಣಗೊಳ್ಳುವುದಿಲ್ಲ, ಮತ್ತು ಅದರ ಪ್ರತಿ ಆವೃತ್ತಿಗೂ ಅದೇ ಸಂಖ್ಯೆಯ ಡ್ರೈವರ್ ದೊರೆಯುತ್ತದೆ. ಸೆಲೆನಿಯಂ ಮ್ಯಾನೇಜರ್ ಚಲಿಸುತ್ತಿರುವ ಬ್ರೌಸರಿನ ಬೆನ್ನು ಹತ್ತುವುದನ್ನು ಸುಲಭಗೊಳಿಸಿದರೆ, ಇದು ಚಲನೆಯನ್ನೇ ನಿಲ್ಲಿಸುತ್ತದೆ. ಪರೀಕ್ಷೆಯೆಂದರೆ ಒಂದು ಬಗೆಯ ಅಳತೆ. ತಿಂಗಳಿಗೊಮ್ಮೆ ತಾನಾಗಿ ಗಾತ್ರ ಬದಲಿಸುವ ಸೇರಿನಿಂದ ಭತ್ತ ಅಳೆದರೆ ವ್ಯತ್ಯಾಸ ಭತ್ತದ್ದೋ ಸೇರಿನದ್ದೋ ತಿಳಿಯದು. ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ ಪ್ಲೇರೈಟ್ ಎಂಬ ಪರೀಕ್ಷಾ ಸಾಧನವೂ ಇದೇ ದಾರಿಯಲ್ಲಿ, ಆರಂಭದಿಂದಲೇ ತನ್ನ ಪ್ರತಿ ಆವೃತ್ತಿಗೆ ನಿರ್ದಿಷ್ಟ ಬ್ರೌಸರ್‌ಗಳನ್ನು ಕಟ್ಟಿಕೊಂಡು ಬಂದಿತು. ಆದರೆ ಅದು ಸಫಾರಿಯ ಬದಲಿಗೆ ತರುವ ವೆಬ್‌ಕಿಟ್ ಎಂಬ ಬ್ರೌಸರ್, ಜನರ ಕೈಯಲ್ಲಿರುವ ಸಫಾರಿಯೇ ಅಲ್ಲ. ಸ್ಥಿರತೆಗೆ ತೆತ್ತ ಬೆಲೆ ಇದು.

ಇನ್ನು, ಪರೀಕ್ಷೆಯ ನಡುವೆಯೇ ಅಂತರ್ಜಾಲದಿಂದ ಕಾರ್ಯಕ್ರಮವೊಂದನ್ನು ಇಳಿಸಿಕೊಂಡು ಓಡಿಸುವ ಕ್ರಮಕ್ಕೆ ಬಿಗಿ ಭದ್ರತೆಯ ಜಾಲಗಳಲ್ಲಿ ಅನುಮತಿ ಸಿಗುವುದು ಕಷ್ಟ. ಅಂಥಲ್ಲಿ ಪ್ರಾಕ್ಸಿ ಹೊಂದಿಸುವ, ಸಂಪರ್ಕವಿಲ್ಲದೆ ಕೆಲಸ ಮಾಡುವ ಆಯ್ಕೆಗಳು ಸೆಲೆನಿಯಂ ಮ್ಯಾನೇಜರಿನಲ್ಲಿವೆಯಾದರೂ, ಅವುಗಳನ್ನು ಬಳಸತೊಡಗಿದಾಗ ಅಡಗಿಸಿಟ್ಟಿದ್ದ ಜಟಿಲತೆ ನಿರ್ವಾಹಕನ ಮೇಜಿಗೆ ಮರಳುತ್ತದೆ.

ಸ್ಥಾಪನೆಯನ್ನು ಸರಳಗೊಳಿಸುವವರು ತೆಗೆದುಹಾಕುವಿಕೆಯ ಬಗ್ಗೆ ಅಷ್ಟಾಗಿ ಯೋಚಿಸಿದಂತಿಲ್ಲ. ಕಾರ್ಯಾಚರಣಾ ವ್ಯವಸ್ಥೆಯು ತಂತ್ರಾಂಶಗಳನ್ನು ಹುಡುಕುವ ಕಡತಕೋಶಗಳ ಪಟ್ಟಿಗೆ ‘ಪಾತ್’ ಎಂದು ಹೆಸರು. ಕೈಯಾರೆ ಸ್ಥಾಪಿಸುತ್ತಿದ್ದ ಕಾಲದ ಹಳೆಯ ಕ್ರೋಮ್‌ಡ್ರೈವರ್ ಆ ಪಟ್ಟಿಯಲ್ಲಿ ಉಳಿದಿದ್ದರೆ, ಬಳಕೆದಾರನೇ ಬೇಕೆಂದು ಇಟ್ಟಿರಬಹುದೆಂಬ ನೆಲೆಯಿಂದ ಸೆಲೆನಿಯಂ ಮ್ಯಾನೇಜರ್ ಅದಕ್ಕೇ ಆದ್ಯತೆ ಕೊಟ್ಟು, ಆವೃತ್ತಿ ಹೊಂದದಿರಬಹುದೆಂಬ ಎಚ್ಚರಿಕೆಯನ್ನಷ್ಟೇ ದಾಖಲಿಸುತ್ತದೆ. ಆದ್ದರಿಂದ ಸೆಲೆನಿಯಂ ನವೀಕರಿಸಿದ ಮೇಲೂ ಹಳೆಯ ದೋಷಸಂದೇಶವೇ ಕಾಣಿಸಿಕೊಂಡರೆ, ಮೊದಲು ಪರಿಶೀಲಿಸಬೇಕಾದದ್ದು ಈ ಕಡತ.