ಮಾಹಿತಿ ತಂತ್ರಜ್ಞಾನ ನಿರ್ವಹಣೆಯ ಪಕ್ವತಾ ಮೌಲ್ಯಮಾಪನ

ಮಾಹಿತಿ ತಂತ್ರಜ್ಞಾನ ನಿರ್ವಹಣೆಯ ಪಕ್ವತಾ ಮೌಲ್ಯಮಾಪನ ಎಂಬುದು ಒಂದು ಸಂಸ್ಥೆಯು ತನ್ನ ಗಣಕಯಂತ್ರ, ತಂತ್ರಾಂಶ, ಜಾಲ ಹಾಗೂ ದತ್ತಾಂಶಗಳನ್ನು ಎಷ್ಟು ವ್ಯವಸ್ಥಿತವಾಗಿ ನಿರ್ವಹಿಸುತ್ತಿದೆ ಎಂಬುದನ್ನು ಹಂತಗಳ ಮೂಲಕ ಅಳೆಯುವ ವಿಧಾನವಾಗಿದೆ. ಸಂಸ್ಥೆಯ ಬಳಿ ಎಷ್ಟು ದುಬಾರಿ ಯಂತ್ರಗಳಿವೆ ಎಂಬುದು ಇಲ್ಲಿ ಮುಖ್ಯವಲ್ಲ. ಕೆಲಸವು ನಿಶ್ಚಿತ ಕ್ರಮದಲ್ಲಿ ನಡೆಯುತ್ತದೆಯೇ, ಆ ಕ್ರಮವು ವ್ಯಕ್ತಿಗಳು ಬದಲಾದರೂ ಉಳಿಯುತ್ತದೆಯೇ, ತಪ್ಪುಗಳಿಂದ ಸಂಸ್ಥೆಯು ಕಲಿಯುತ್ತದೆಯೇ ಎಂಬುದನ್ನು ಪರಿಶೀಲಿಸಲಾಗುತ್ತದೆ.

ಇತಿಹಾಸ

ಅಮೆರಿಕದ ರಿಚರ್ಡ್ ನೋಲನ್ 1973ರಲ್ಲಿ ಸಂಸ್ಥೆಗಳಲ್ಲಿ ಗಣಕಯಂತ್ರದ ಬಳಕೆಯು ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ ಎಂದು ಪ್ರತಿಪಾದಿಸಿದರು. 1979ರಲ್ಲಿ ಅವರು ಇದನ್ನು ಆರು ಹಂತಗಳಿಗೆ ವಿಸ್ತರಿಸಿದರು. ಅದೇ ವರ್ಷ ಫಿಲಿಪ್ ಕ್ರಾಸ್ಬಿ ಗುಣಮಟ್ಟ ನಿರ್ವಹಣೆಗೆ ಐದು ಹಂತಗಳ ಪಕ್ವತಾ ಕೋಷ್ಟಕವನ್ನು ಪ್ರಕಟಿಸಿದರು.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟನ್ನು 1986ರಲ್ಲಿ ಸೇರಿದ ವಾಟ್ಸ್ ಹಂಫ್ರಿ ಈ ಕಲ್ಪನೆಯನ್ನು ತಂತ್ರಾಂಶ ಕ್ಷೇತ್ರಕ್ಕೆ ಅಳವಡಿಸಿದರು. ಅಮೆರಿಕದ ರಕ್ಷಣಾ ಇಲಾಖೆಗೆ ತಂತ್ರಾಂಶ ಗುತ್ತಿಗೆದಾರರ ಸಾಮರ್ಥ್ಯವನ್ನು ಅಳೆಯುವ ಮಾನದಂಡ ಬೇಕಾಗಿತ್ತು. ಇದರ ಫಲವಾಗಿ 1991ರಲ್ಲಿ ಸಾಮರ್ಥ್ಯ ಪಕ್ವತಾ ಮಾದರಿ, ಅಂದರೆ ಸಿಎಂಎಂ, ಹೊರಬಂದಿತು. ಮುಂದೆ ಇದು ಸಿಎಂಎಂಐ ಎಂಬ ಸಂಯೋಜಿತ ಮಾದರಿಯಾಗಿ ಬೆಳೆಯಿತು.

ಸಿಎಂಎಂ ಮುಖ್ಯವಾಗಿ ತಂತ್ರಾಂಶವನ್ನು ತಯಾರಿಸುವ ಕೆಲಸವನ್ನು ಅಳೆಯುತ್ತದೆ. ತಂತ್ರಜ್ಞಾನವನ್ನು ಬಳಸುವ ಸಂಸ್ಥೆಗಳ ಆಡಳಿತ ಮತ್ತು ನಿಯಂತ್ರಣಕ್ಕಾಗಿ ಐಸಾಕಾ ಸಂಸ್ಥೆಯು 1996ರಲ್ಲಿ ಕೋಬಿಟ್ ಚೌಕಟ್ಟನ್ನು ಪ್ರಕಟಿಸಿತು. ಅದರ ನಂತರದ ಆವೃತ್ತಿಗಳಲ್ಲಿ ಪಕ್ವತೆಯ ಹಂತಗಳನ್ನು ಸೇರಿಸಲಾಯಿತು.

ಪಕ್ವತೆಯ ಹಂತಗಳು

ಹೆಚ್ಚಿನ ಮಾದರಿಗಳು 0 ಅಥವಾ 1ರಿಂದ 5ರವರೆಗಿನ ಹಂತಗಳನ್ನು ಬಳಸುತ್ತವೆ. ದತ್ತಾಂಶದ ಬ್ಯಾಕಪ್ ಕೆಲಸವನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಹಂತಗಳು ಹೀಗಿರುತ್ತವೆ:

ಹಂತ 0 (ಅಸ್ತಿತ್ವದಲ್ಲಿಲ್ಲ): ಬ್ಯಾಕಪ್‌ನ ಅಗತ್ಯವನ್ನೇ ಸಂಸ್ಥೆಯು ಗುರುತಿಸಿಲ್ಲ.
ಹಂತ 1 (ಆರಂಭಿಕ): ಯಾರಿಗಾದರೂ ನೆನಪಾದಾಗ ಪ್ರತಿ ತೆಗೆಯಲಾಗುತ್ತದೆ.
ಹಂತ 2 (ಪುನರಾವರ್ತನೀಯ): ಒಬ್ಬ ಸಿಬ್ಬಂದಿ ರೂಢಿಯಂತೆ ಪ್ರತಿ ತೆಗೆಯುತ್ತಾರೆ. ಅವರು ರಜೆ ಹಾಕಿದರೆ ಕೆಲಸ ನಿಲ್ಲುತ್ತದೆ.
ಹಂತ 3 (ನಿರೂಪಿತ): ಲಿಖಿತ ವಿಧಾನ, ಹೊಣೆಗಾರಿಕೆ ಮತ್ತು ತರಬೇತಿ ಇರುತ್ತವೆ.
ಹಂತ 4 (ಮಾಪನಬದ್ಧ): ಪ್ರತಿಗಳು ಎಷ್ಟು ಬಾರಿ ವಿಫಲವಾದವು, ದತ್ತಾಂಶವನ್ನು ಮರಳಿ ಪಡೆಯಲು ಎಷ್ಟು ಸಮಯ ಬೇಕಾಯಿತು ಎಂಬುದನ್ನು ಅಳೆದು ದಾಖಲಿಸಲಾಗುತ್ತದೆ.
ಹಂತ 5 (ಸುಧಾರಣಾಶೀಲ): ಅಳತೆಗಳ ಆಧಾರದ ಮೇಲೆ ವಿಧಾನವನ್ನು ನಿರಂತರವಾಗಿ ತಿದ್ದಲಾಗುತ್ತದೆ.

ಮೌಲ್ಯಮಾಪನದ ವಿಧಾನ

ಮೊದಲು ಯಾವ ಪ್ರಕ್ರಿಯೆಗಳನ್ನು ಅಳೆಯಬೇಕೆಂದು ನಿರ್ಧರಿಸಲಾಗುತ್ತದೆ. ನಂತರ ದಾಖಲೆಗಳ ಪರಿಶೀಲನೆ, ಸಿಬ್ಬಂದಿಯ ಸಂದರ್ಶನ ಮತ್ತು ಪ್ರತ್ಯಕ್ಷ ವೀಕ್ಷಣೆಯಿಂದ ಪುರಾವೆಗಳನ್ನು ಸಂಗ್ರಹಿಸಿ ಪ್ರತಿ ಪ್ರಕ್ರಿಯೆಗೆ ಹಂತವನ್ನು ನೀಡಲಾಗುತ್ತದೆ. ಇಂದಿನ ಹಂತ ಮತ್ತು ತಲುಪಬೇಕಾದ ಹಂತಗಳ ನಡುವಿನ ಅಂತರವೇ ಸುಧಾರಣಾ ಯೋಜನೆಗೆ ಆಧಾರವಾಗುತ್ತದೆ. ಎಲ್ಲ ಪ್ರಕ್ರಿಯೆಗಳೂ 5ನೇ ಹಂತವನ್ನು ತಲುಪಬೇಕೆಂಬ ನಿಯಮವಿಲ್ಲ. ಅಪಾಯ ಮತ್ತು ವೆಚ್ಚಗಳನ್ನು ತೂಗಿ ಗುರಿಯನ್ನು ನಿಗದಿಪಡಿಸಲಾಗುತ್ತದೆ.

ಕರ್ನಾಟಕದಲ್ಲಿ

1990ರ ದಶಕದಲ್ಲಿ ಬೆಂಗಳೂರು ಸಿಎಂಎಂ ಮೌಲ್ಯಮಾಪನದ ಪ್ರಮುಖ ಕೇಂದ್ರವಾಯಿತು. ನಗರದ ಮೋಟೊರೋಲಾ ಘಟಕವು ಜಗತ್ತಿನಲ್ಲಿ 5ನೇ ಹಂತವನ್ನು ತಲುಪಿದ ಮೊದಲ ಕೆಲವು ಘಟಕಗಳಲ್ಲಿ ಒಂದಾಗಿತ್ತು. ದಶಕದ ಕೊನೆಯ ವೇಳೆಗೆ ವಿಪ್ರೊ ಮತ್ತು ಇನ್ಫೋಸಿಸ್ ಕೂಡ ಈ ಹಂತವನ್ನು ತಲುಪಿದವು. ದೂರದ ವಿದೇಶಿ ಗ್ರಾಹಕರ ವಿಶ್ವಾಸವನ್ನು ಗಳಿಸಲು ಇದು ಭಾರತೀಯ ಕಂಪನಿಗಳಿಗೆ ನೆರವಾಯಿತು.

ತಂತ್ರಜ್ಞಾನವನ್ನು ಬಳಸುವ ಸಂಸ್ಥೆಗಳಲ್ಲಿ ಬ್ಯಾಂಕುಗಳು ಮುಖ್ಯವಾದವು. 1924ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕರ್ಣಾಟಕ ಬ್ಯಾಂಕ್ 2000ದಲ್ಲಿ ಇನ್ಫೋಸಿಸ್‌ನ ಫಿನಾಕಲ್ ಕೋರ್ ಬ್ಯಾಂಕಿಂಗ್ ತಂತ್ರಾಂಶವನ್ನು ಅಳವಡಿಸಿಕೊಂಡಿತು. ಕೋರ್ ಬ್ಯಾಂಕಿಂಗ್ ವ್ಯವಸ್ಥೆಯಲ್ಲಿ ಎಲ್ಲ ಶಾಖೆಗಳ ಲೆಕ್ಕವು ಒಂದೇ ಕೇಂದ್ರದಲ್ಲಿರುತ್ತದೆ. ಆದ್ದರಿಂದ ಆ ಕೇಂದ್ರದಲ್ಲಿ ದೋಷ ಉಂಟಾದರೆ ದೂರದ ಹಳ್ಳಿಯ ಶಾಖೆಯಲ್ಲಿಯೂ ಗ್ರಾಹಕರಿಗೆ ಹಣ ಸಿಗದಂತಾಗಬಹುದು.

ನಿಯಂತ್ರಕರ ಪಾತ್ರ

ಜಿ. ಗೋಪಾಲಕೃಷ್ಣ ನೇತೃತ್ವದ ಕಾರ್ಯತಂಡದ ವರದಿಯನ್ನು ಆಧರಿಸಿ ಭಾರತೀಯ ರಿಸರ್ವ್ ಬ್ಯಾಂಕ್ 2011ರಲ್ಲಿ ಬ್ಯಾಂಕುಗಳಿಗೆ ಮಾರ್ಗಸೂಚಿಗಳನ್ನು ನೀಡಿತು. ನಗರ ಸಹಕಾರಿ ಬ್ಯಾಂಕುಗಳನ್ನು ಅವುಗಳ ಡಿಜಿಟಲ್ ಸೇವೆಗಳ ವ್ಯಾಪ್ತಿಗೆ ಅನುಗುಣವಾಗಿ ನಾಲ್ಕು ಸ್ತರಗಳಾಗಿ ವಿಂಗಡಿಸುವ ಸೈಬರ್ ಭದ್ರತಾ ಚೌಕಟ್ಟನ್ನು ಡಿಸೆಂಬರ್ 2019ರಲ್ಲಿ ಹೊರಡಿಸಿತು. ಈ ಸ್ತರಗಳು ಪಕ್ವತೆಯ ಅಂಕಗಳಲ್ಲ. ಸೇವೆ ಹೆಚ್ಚಿದಂತೆ ಪಾಲಿಸಬೇಕಾದ ನಿಯಂತ್ರಣಗಳೂ ಹೆಚ್ಚುತ್ತವೆ ಎಂಬುದು ಇದರ ತತ್ವ. ವಾಣಿಜ್ಯ ಬ್ಯಾಂಕುಗಳು ಮೊದಲಾದ ಸಂಸ್ಥೆಗಳಿಗೆ ಮಾಹಿತಿ ತಂತ್ರಜ್ಞಾನ ಆಡಳಿತದ ಕುರಿತ ನಿರ್ದೇಶನವು ನವೆಂಬರ್ 2023ರಲ್ಲಿ ಪ್ರಕಟವಾಗಿ 1 ಏಪ್ರಿಲ್ 2024ರಿಂದ ಜಾರಿಗೆ ಬಂದಿತು. ಇದರಂತೆ ನಿರ್ದೇಶಕ ಮಂಡಳಿಯ ಮಟ್ಟದಲ್ಲಿಯೇ ಮಾಹಿತಿ ತಂತ್ರಜ್ಞಾನ ಕಾರ್ಯತಂತ್ರ ಸಮಿತಿ ಇರಬೇಕು.

ಏಪ್ರಿಲ್ 2024ರಲ್ಲಿ ರಿಸರ್ವ್ ಬ್ಯಾಂಕ್, ಕೋಟಕ್ ಮಹೀಂದ್ರಾ ಬ್ಯಾಂಕ್ ಆನ್‌ಲೈನ್ ಮೂಲಕ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದನ್ನೂ ಹೊಸ ಕ್ರೆಡಿಟ್ ಕಾರ್ಡ್ ನೀಡುವುದನ್ನೂ ತಡೆಹಿಡಿಯಿತು. ಸಲಕರಣೆಗಳ ಪಟ್ಟಿ, ತಂತ್ರಾಂಶ ಬದಲಾವಣೆ, ಬಳಕೆದಾರರ ಪ್ರವೇಶಾಧಿಕಾರ ಮೊದಲಾದವುಗಳ ನಿರ್ವಹಣೆಯಲ್ಲಿ ಕೊರತೆಗಳಿವೆ ಎಂಬುದು ಅದು ನೀಡಿದ ಕಾರಣಗಳಲ್ಲಿ ಸೇರಿತ್ತು. ಪರಿಹಾರ ಕ್ರಮಗಳ ನಂತರ ಫೆಬ್ರವರಿ 2025ರಲ್ಲಿ ನಿರ್ಬಂಧವನ್ನು ತೆರವುಗೊಳಿಸಲಾಯಿತು. ಪಕ್ವತಾ ಮಾದರಿಗಳು ಪರಿಶೀಲಿಸುವುದು ಇಂತಹ ದೈನಂದಿನ ಪ್ರಕ್ರಿಯೆಗಳನ್ನೇ.

ಮಿತಿಗಳು ಮತ್ತು ಟೀಕೆಗಳು

ಸ್ವಯಂ ಮೌಲ್ಯಮಾಪನದಲ್ಲಿ ಸಂಸ್ಥೆಗಳು ತಮಗೆ ತಾವೇ ಹೆಚ್ಚಿನ ಅಂಕ ನೀಡಿಕೊಳ್ಳುವ ಸಾಧ್ಯತೆ ಇದೆ. ಸರಾಸರಿ ಅಂಕವು ಅಪಾಯಕಾರಿ ಕೊರತೆಯನ್ನು ಮರೆಮಾಚಬಹುದು: ಒಂಬತ್ತು ಪ್ರಕ್ರಿಯೆಗಳು 4ನೇ ಹಂತದಲ್ಲಿದ್ದು ಬ್ಯಾಕಪ್ ಮಾತ್ರ 1ನೇ ಹಂತದಲ್ಲಿದ್ದರೆ ಸರಾಸರಿ 3.7 ಆಗುತ್ತದೆ. ಆದರೆ ಯಂತ್ರ ಕೆಟ್ಟ ದಿನ ದತ್ತಾಂಶ ಮರಳಿ ಸಿಗದೇ ಹೋಗಬಹುದು. ಪ್ರಮಾಣಪತ್ರಕ್ಕಾಗಿ ಕಡತಗಳನ್ನು ಸಿದ್ಧಪಡಿಸಿ ಆಚರಣೆಯನ್ನು ಕಡೆಗಣಿಸುವುದೂ ಉಂಟು. ಸಣ್ಣ ಸಂಸ್ಥೆಗಳಿಗೆ ಪೂರ್ಣ ಪ್ರಮಾಣದ ಮಾದರಿಗಳು ವೆಚ್ಚದಾಯಕವಾಗುವುದರಿಂದ ಅವು ಆಯ್ದ ಕೆಲವು ಪ್ರಕ್ರಿಯೆಗಳನ್ನು ಮಾತ್ರ ಅಳೆಯುವುದು ಹೆಚ್ಚು ಉಪಯುಕ್ತವಾಗಬಹುದು.

ಇವನ್ನೂ ನೋಡಿ

ಕೋರ್ ಬ್ಯಾಂಕಿಂಗ್
ತಂತ್ರಾಂಶ ಎಂಜಿನಿಯರಿಂಗ್
ಮಾಹಿತಿ ಭದ್ರತೆ
ಭಾರತೀಯ ರಿಸರ್ವ್ ಬ್ಯಾಂಕ್