ವಯಸ್ಕರ ಇಂಗ್ಲಿಷು: ವ್ಯಾಕರಣದ ಭಯ, ಕತೆಯ ದಾರಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದೊಡನೆ ತೊಗರಿ, ಪರಸಿ ಕಲ್ಲು, ಸಿಮೆಂಟು ಮತ್ತು ಬಿಸಿಲು ನೆನಪಾಗುತ್ತವೆ. ಇವುಗಳ ಜೊತೆಗೆ ಇನ್ನೊಂದು ಮಾತೂ ತಪ್ಪದೆ ಬರುತ್ತದೆ. ಇಲ್ಲಿನವರಿಗೆ ಇಂಗ್ಲಿಷ್ ಬರುವುದಿಲ್ಲ, ವ್ಯಾಕರಣವಂತೂ ಬರುವುದೇ ಇಲ್ಲ ಎಂಬ ಮಾತು ಅದು. ಹೊರಗಿನವರಿಗಿಂತ ಹೆಚ್ಚಾಗಿ ನಮ್ಮವರೇ ಇದನ್ನು ಆಡುತ್ತಾರೆ. ಗುತ್ತಿಗೆ ಕಾರ್ಮಿಕನಿರಲಿ, ಅಂಗನವಾಡಿ ಕಾರ್ಯಕರ್ತೆಯಿರಲಿ, ಉರ್ದು ಶಾಲೆ ಮುಗಿಸಿ ಅಂಗಡಿಯಲ್ಲಿ ಕೂತವನಿರಲಿ, ಮೂವತ್ತು ದಾಟಿದ ಮೇಲೆ ಇಂಗ್ಲಿಷ್ ಕಲಿಯಲು ಹೊರಟರೆ ಮೊದಲು ಹೇಳುವುದು “ನಮಗ ಗ್ರಾಮರ್ ಬರಂಗಿಲ್ರೀ” ಎಂದೇ. ಈ ನಾಚಿಕೆ ಎಲ್ಲಿಂದ ಬಂತು? ಇದಕ್ಕೆ ಉತ್ತರವನ್ನು ಕಲಿಯುವವರ ಬುದ್ಧಿಯಲ್ಲಿ ಹುಡುಕಬಾರದು, ಇತಿಹಾಸದಲ್ಲಿ ಹುಡುಕಬೇಕು ಎಂಬುದು ನಮ್ಮ ಅಭಿಪ್ರಾಯ.

ವ್ಯಾಕರಣ ಈ ನೆಲಕ್ಕೆ ಹೊಸದಲ್ಲ

ಸೇಡಂ ತಾಲೂಕಿನ ಮಳಖೇಡ ಕಾಗಿಣಾ ನದಿಯ ದಂಡೆಯಲ್ಲಿರುವ ಊರು. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ‘ಕವಿರಾಜಮಾರ್ಗ’ ರಚನೆಯಾಯಿತು. ಇಂದು ದೊರೆತಿರುವ ಕನ್ನಡದ ಮೊದಲ ಗ್ರಂಥವಾದ ಇದು ಭಾಷೆಯ ಸರಿತಪ್ಪುಗಳನ್ನೂ ಕಾವ್ಯದ ಗುಣದೋಷಗಳನ್ನೂ ಚರ್ಚಿಸುತ್ತದೆ. ಅದೇ ಕಾಲದ ಜೈನ ವಿದ್ವಾಂಸ ಶಾಕಟಾಯನ ಸಂಸ್ಕೃತ ವ್ಯಾಕರಣವನ್ನು ಬರೆದು, ಅದರ ವೃತ್ತಿಗೆ ಅಮೋಘವರ್ಷನ ಹೆಸರಿನಿಂದಲೇ ‘ಅಮೋಘವೃತ್ತಿ’ ಎಂದು ಕರೆದ. ಚಿತ್ತಾಪುರಕ್ಕೆ ಹೊಂದಿಕೊಂಡಂತಿರುವ ನಾಗಾವಿಯಲ್ಲಿ ಘಟಿಕಾಸ್ಥಾನವಿತ್ತು. ಅಲ್ಲಿ ವೇದ ಮತ್ತು ಶಾಸ್ತ್ರಗಳ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮಾಡಿದ್ದ ಏರ್ಪಾಡಿನ ಜೊತೆಗೆ, ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು 1058ರ ಶಾಸನ ತಿಳಿಸುತ್ತದೆ.

ಹಳೆಯ ವೈಭವದಿಂದ ಇಂದಿನ ಹೊಟ್ಟೆ ತುಂಬುವುದಿಲ್ಲ, ನಿಜ. ಆದರೆ ‘ಕವಿರಾಜಮಾರ್ಗ’ದ ಒಂದು ವಿಚಾರ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಈ ನಾಡಿನ ಜನ ಶಾಲೆಯ ಓದಿಲ್ಲದೆಯೂ ಭಾಷೆಯನ್ನು ಹದವರಿತು ಬಳಸಬಲ್ಲವರು ಎಂದು ಆ ಗ್ರಂಥ ಗುರುತಿಸುತ್ತದೆ. ಅಂದರೆ ಬಳಕೆ ಮೊದಲು, ನಿಯಮ ಆಮೇಲೆ. ಸಾವಿರ ವರ್ಷಗಳ ಬಳಿಕ ಇಂಗ್ಲಿಷ್ ಇಲ್ಲಿಗೆ ಬಂದಾಗಲೂ ಆರಂಭ ಹೀಗೆಯೇ ಆಯಿತು.

ರೈಲು ತಂದ ಇಂಗ್ಲಿಷು

ಮುಂಬಯಿ ಕಡೆಯಿಂದ ಸೊಲ್ಲಾಪುರ ದಾಟಿ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರನ್ನು ಮುಟ್ಟಿತು. ಶಹಾಬಾದ್, ವಾಡಿ ಆ ದಾರಿಯ ಊರುಗಳು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಒಂದು ಸಣ್ಣ ಹಳ್ಳಿ ಎರಡು ದೊಡ್ಡ ಹಳಿಗಳ ಜಂಕ್ಷನ್ ಆಯಿತು. ಚಿಂಚೋಳಿಗೆ ಮಾತ್ರ ಹಳಿ ಬರಲಿಲ್ಲ. ಅಲ್ಲಿನವರಿಗೆ ತಾಂಡೂರು ನಿಲ್ದಾಣವೇ ಹತ್ತಿರ.

ಈ ಹಳಿಗಳ ಮೇಲೆ ದುಡಿದವರು ಯಾವ ಶಾಲೆಗೂ ಹೋಗದೆ ಇಂಗ್ಲಿಷ್ ಕಲಿತರು. ಟೇಸನ್, ಟಿಕೀಟು, ಗಾರ್ಡು, ಸಿಗ್ನಲ್ಲು, ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಲೈನ್ ಕ್ಲಿಯರ್. ಈ ಕೊನೆಯದನ್ನು ಗಮನಿಸಿ. ಅದರಲ್ಲಿ ಕ್ರಿಯಾಪದವಿಲ್ಲ, ಕಾಲವಿಲ್ಲ. ಆದರೂ ನೂರಾರು ಪ್ರಯಾಣಿಕರ ಜೀವ ಆ ಎರಡು ಪದಗಳ ಮೇಲೆ ನಿಂತಿತ್ತು. ಮುಂದೆ ಶಹಾಬಾದಿನ ಕಲ್ಲುಗಣಿ ಮತ್ತು ಸಿಮೆಂಟು ಕಾರ್ಖಾನೆ, 1968ರಲ್ಲಿ ಆರಂಭವಾದ ವಾಡಿಯ ಎಸಿಸಿ ಕಾರ್ಖಾನೆ, ಆಮೇಲೆ ಸೇಡಂ ಮತ್ತು ಮಳಖೇಡದ ಸಿಮೆಂಟು ಕಾರ್ಖಾನೆಗಳು ಇಂಥದೇ ಇಂಗ್ಲಿಷನ್ನು ಬೆಳೆಸಿದವು. ಶಿಫ್ಟು, ಓವರ್‌ಟೈಮು, ಗೇಟ್‌ಪಾಸು, ಬಾಯ್ಲರು, ಸಸ್ಪೆಂಡು. ಇವು ನಮ್ಮ ಕಾರ್ಮಿಕರ ಬಾಯಲ್ಲಿ ಕನ್ನಡದ, ದಖನಿಯ ಪ್ರತ್ಯಯ ಹಚ್ಚಿಕೊಂಡು ಸಲೀಸಾಗಿ ಓಡಾಡಿದವು. ಪದಗಳ ಬಡತನ ಇವರಿಗೆ ಎಂದೂ ಇರಲಿಲ್ಲ. ಇಲ್ಲದ್ದು ಆ ಪದಗಳನ್ನು ಹೆಣೆದು ತಮ್ಮ ಮಾತನ್ನು ತಾವೇ ಹೇಳಿಕೊಳ್ಳುವ ವಾಕ್ಯ. ನೋಟೀಸು ಇಂಗ್ಲಿಷಿನಲ್ಲಿ ಬಂದಾಗ ಉತ್ತರ ಬರೆಯಲು ಬೇರೆಯವರ ಬಾಗಿಲು ಕಾಯಬೇಕಾಯಿತು.

ಮತ್ತೆ ಮತ್ತೆ ವಿದ್ಯಾರ್ಥಿಗಳಾದವರು

ಇನ್ನು ಕಚೇರಿಯ ಕತೆ. ಹೈದರಾಬಾದ್ ಸಂಸ್ಥಾನದಲ್ಲಿ 1884ರಲ್ಲಿ ಫಾರಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. ಫಾರಸಿ ಓದಿ ನೌಕರಿ ಹಿಡಿದಿದ್ದವರು ಹೊಸ ಬರವಣಿಗೆಗೆ ಒಗ್ಗಿಕೊಳ್ಳಬೇಕಾಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವನ್ನೇ ಉನ್ನತ ಶಿಕ್ಷಣದ ಮಾಧ್ಯಮವಾಗಿಸಿ ದೇಶಕ್ಕೆ ಹೊಸ ದಾರಿ ತೋರಿಸಿತು. ಅದರ ಅನುವಾದ ವಿಭಾಗವಾದ ದಾರುಲ್ ತರ್ಜುಮಾ ವಿಜ್ಞಾನ, ಕಾನೂನು, ಇತಿಹಾಸಗಳ ಗ್ರಂಥಗಳನ್ನು ಉರ್ದುವಿಗೆ ತಂದಿತು. ಇಂಗ್ಲಿಷ್ ಅಲ್ಲಿ ಕಡ್ಡಾಯ ವಿಷಯವಾಗಿತ್ತೇ ಹೊರತು ಮಾಧ್ಯಮವಾಗಿರಲಿಲ್ಲ. ಪರಭಾಷೆಯನ್ನು ಕಲಿಯೋಣ, ಆದರೆ ಅರಿವನ್ನು ಮಾತ್ರ ತಿಳಿದ ಭಾಷೆಯಲ್ಲಿ ಪಡೆಯೋಣ ಎಂಬ ಈ ವಿವೇಕವನ್ನು ಮೆಚ್ಚಲೇಬೇಕು. ಆದರೆ ಕನ್ನಡ, ತೆಲುಗು, ಮರಾಠಿಗಳನ್ನಾಡುವ ಬಹುಸಂಖ್ಯೆಯ ಪ್ರಜೆಗಳಿಗೆ ಆ ಉರ್ದುವೂ ಕಲಿತೇ ಬರಬೇಕಾದ ಭಾಷೆಯಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. ಉಸ್ಮಾನಿಯಾದಲ್ಲಿ ಉರ್ದುವಿನ ಜಾಗಕ್ಕೆ ಇಂಗ್ಲಿಷ್ ಬಂತು. 1956ರ ನವೆಂಬರ್ 1ರಂದು ಗುಲ್ಬರ್ಗ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಕನ್ನಡ ಬಂತು. ಮೇಲಿನ ಕಚೇರಿಗಳ ಪತ್ರವ್ಯವಹಾರ ಇಂಗ್ಲಿಷಿನಲ್ಲಿತ್ತು. ಉರ್ದು ಕಲಿತ ಗುಮಾಸ್ತ, ಶಿಕ್ಷಕ, ವಕೀಲ, ಗಿರದಾವರ ಎಲ್ಲರೂ ನಡುವಯಸ್ಸಿನಲ್ಲಿ ಒಂದಲ್ಲ, ಎರಡು ಭಾಷೆಗಳ ಮುಂದೆ ಮಕ್ಕಳಂತೆ ಕೂರಬೇಕಾಯಿತು. ನಿನ್ನೆಯವರೆಗೆ ಊರಿನವರ ಅರ್ಜಿ ಬರೆದುಕೊಡುತ್ತಿದ್ದವರು ಇಂದು ತಮ್ಮ ಅರ್ಜಿಯನ್ನು ತೋರಿಸಿ “ಇದು ಸರಿ ಇದೆಯೇ?” ಎಂದು ಕೇಳುವಂತಾಯಿತು. ನಮ್ಮ ಭಾಗದ ಮುಸ್ಲಿಮರ ಹಿಂಜರಿಕೆಗೆ ಬಡತನ, ಭಯಗಳಷ್ಟೇ ಈ ಅನುಭವವೂ ಕಾರಣ. ಉರ್ದುವಿನ ಕಾಲದಲ್ಲಿ ಕನ್ನಡದ ರೈತನೂ ಕಚೇರಿಯ ಮುಂದೆ ಹೀಗೆಯೇ ತಲೆತಗ್ಗಿಸಿ ನಿಂತಿದ್ದ. ಭಾಷೆಯ ಕಾರಣಕ್ಕೆ ಮೂಕರಾಗುವ ನೋವು ಯಾವ ಒಂದು ಸಮುದಾಯದ ಸೊತ್ತೂ ಅಲ್ಲ.

ಸಾಹೇಬರಿಗೆ ಕತೆ, ನಮಗೆ ನಿಯಮ

ನೌಕರಿಗಾಗಿ ಪರಭಾಷೆ ಕಲಿತ ವಯಸ್ಕರಲ್ಲಿ ನಮ್ಮವರು ಮೊದಲಿಗರೇನಲ್ಲ. ನಮಗಿಂತ ಮುಂಚೆ ಇಂಗ್ಲಿಷರೇ ಈ ಕಷ್ಟಪಟ್ಟಿದ್ದರು. ಕಂಪನಿ ಸರ್ಕಾರ ತನ್ನ ಅಧಿಕಾರಿಗಳಿಗೆ ಇಲ್ಲಿನ ಭಾಷೆ ಕಲಿಸಲು 1800ರಲ್ಲಿ ಕಲ್ಕತ್ತೆಯಲ್ಲಿ ಫೋರ್ಟ್ ವಿಲಿಯಂ ಕಾಲೇಜನ್ನು ತೆರೆಯಿತು. ಹಿಂದೂಸ್ತಾನಿ ವಿಭಾಗದ ಜಾನ್ ಗಿಲ್‌ಕ್ರಿಸ್ಟ್ ವ್ಯಾಕರಣ ಮತ್ತು ನಿಘಂಟುಗಳನ್ನು ಬರೆದಿದ್ದ. ಆದರೆ ಅಷ್ಟರಿಂದ ಭಾಷೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆದ್ದರಿಂದ ದೇಶೀಯ ಲೇಖಕರನ್ನು ಕರೆಸಿ ಕತೆಗಳನ್ನು ಬರೆಸಿದ. ದಿಲ್ಲಿಯ ಮೀರ್ ಅಮ್ಮನ್ ನಾಲ್ವರು ದರ್ವೇಶಿಗಳ ಕತೆಯನ್ನು ಆಡುಮಾತಿನ ಉರ್ದುವಿನಲ್ಲಿ ಹೇಳಿದ ‘ಬಾಗ್ ಓ ಬಹಾರ್’ ಹುಟ್ಟಿದ್ದು ಹೀಗೆ. ಉರ್ದು ಗದ್ಯದ ಈ ಶ್ರೇಷ್ಠ ಕೃತಿ ಮೂಲತಃ ವಯಸ್ಕರಿಗಾಗಿ ಬರೆದ ಭಾಷಾ ಪಠ್ಯ ಎಂಬುದು ಅನೇಕರಿಗೆ ತಿಳಿಯದು.

ಅದೇ ಕಾಲೇಜಿನಲ್ಲಿ ಸಂಸ್ಕೃತ ಮತ್ತು ಹಿಂದೂ ಕಾನೂನಿನ ಹೊಣೆ ಹೊತ್ತಿದ್ದ ಕೋಲ್‌ಬ್ರೂಕ್ ‘ಮಿತಾಕ್ಷರಾ’ದ ದಾಯಭಾಗವನ್ನು 1810ರಲ್ಲಿ ಇಂಗ್ಲಿಷಿಗೆ ತಂದ. ಅದರ ಕರ್ತೃ ವಿಜ್ಞಾನೇಶ್ವರ ನಮ್ಮ ಶಹಾಬಾದಿನ ಬಳಿಯ ಮರತೂರಿನವನು. ಕನ್ನಡಕ್ಕೂ 1817ರಲ್ಲಿ ವಿಲಿಯಂ ಕೇರಿಯ, 1820ರಲ್ಲಿ ಮೆಕೆರೆಲ್‌ನ ವ್ಯಾಕರಣಗಳು ಇಂಗ್ಲಿಷಿನಲ್ಲಿ ಬಂದವು. ಕಲಿಯುವವನು ಅಧಿಕಾರಸ್ಥನಾಗಿದ್ದಾಗ ಅವನ ಸುತ್ತ ಮುನ್ಷಿ, ನಿಘಂಟು, ವ್ಯಾಕರಣ, ಕತೆಪುಸ್ತಕ ಎಲ್ಲವೂ ಬಂದು ನಿಂತವು. ಅವನ ತಪ್ಪುಗಳನ್ನು ಯಾರೂ ದಡ್ಡತನವೆನ್ನಲಿಲ್ಲ.

ನಮ್ಮ ಸರದಿ ಬಂದಾಗ ಏನಾಯಿತು? ಇಂಡಿಯಾದಲ್ಲಿ ಇಂಗ್ಲಿಷ್ ವ್ಯಾಕರಣಕ್ಕೆ ಪರ್ಯಾಯ ಹೆಸರೇ ಆಗಿಹೋದದ್ದು 1930ರ ದಶಕದ ‘ರೆನ್ ಅಂಡ್ ಮಾರ್ಟಿನ್’. ಪಿ. ಸಿ. ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವನು. ಅವನು ಕತೆಗಾರನೂ ಹೌದು. ಅವನ ‘ಬೋ ಜೆಸ್ಟ್’ ಕಾದಂಬರಿ 1924ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಓದಿಸಿಕೊಂಡಿತು. ಆದರೆ ನಮ್ಮೂರುಗಳಿಗೆ ಕತೆಗಾರ ರೆನ್ ಬರಲಿಲ್ಲ, ವ್ಯಾಕರಣದ ರೆನ್ ಮಾತ್ರ ಬಂದ. ಶಾಲೆಯ ಮಕ್ಕಳಿಗಾದರೂ ಪಾಠಮಾಲೆಗಳಲ್ಲಿ ಒಂದೆರಡು ಕತೆ ಸಿಕ್ಕವು. ಕೆಲಸ ಮುಗಿಸಿ ರಾತ್ರಿ ದೀಪದಡಿ ಕೂತ ವಯಸ್ಕನ ಕೈಗೆ ಸಿಕ್ಕಿದ್ದು ಕಾಲಗಳ ಪಟ್ಟಿ, ಬಿಟ್ಟ ಸ್ಥಳ ತುಂಬುವ ಅಭ್ಯಾಸ ಮತ್ತು ಅರ್ಜಿಗಳ ನಮೂನೆ. ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುವೆವೆಂದು ಆಮೇಲೆ ಬಂದ ಪುಸ್ತಕಗಳೂ ಈ ಜಾಡನ್ನು ಬಿಡಲಿಲ್ಲ.

ನಮಗೆ ಗೊತ್ತಿರುವ ವ್ಯಾಕರಣ

ವ್ಯಾಕರಣವೇ ಬೇಡವೆನ್ನುವವರು ನಾವಲ್ಲ. ಅದನ್ನು ಎಲ್ಲಿಂದ ಆರಂಭಿಸಬೇಕು ಎಂಬುದಷ್ಟೇ ಪ್ರಶ್ನೆ. ಉರ್ದು ಪಾಠದಲ್ಲಿ ನಾವು ಇಸ್ಮ್, ಫೇಲ್, ಹರ್ಫ್ ಎಂದು ಕಲಿತೆವು. ಕನ್ನಡ ಪಾಠದಲ್ಲಿ ಅವೇ ನಾಮಪದ, ಕ್ರಿಯಾಪದ, ಅವ್ಯಯಗಳಾಗಿ ಎದುರಾದವು. ಮದ್ರಸಾದಲ್ಲಿ ಅರಬಿ ಕ್ರಿಯಾರೂಪಗಳ ಗರ್ದಾನನ್ನು ಬಾಯಿಪಾಠ ಮಾಡಿದವರು ನಮ್ಮಲ್ಲಿ ಎಷ್ಟೋ ಮಂದಿ. ಅಂಥವರನ್ನು ಗ್ರಾಮರ್ ಗೊತ್ತಿಲ್ಲದವರೆಂದು ಕರೆಯುವುದು ಅನ್ಯಾಯ.

ಓದೇ ಇಲ್ಲದವರಿಗೂ ಒಂದು ಬಂಡವಾಳವಿದೆ. “ನನಗ ಹಸಿವಾಗ್ಯದ” ಎನ್ನುವ ಕನ್ನಡಿಗನೂ “ಮುಝೆ ಭೂಕ್ ಲಗಿ” ಎನ್ನುವ ಮುಸ್ಲಿಮನೂ ಒಂದೇ ಅಚ್ಚಿನಲ್ಲಿ ಮಾತಾಡುತ್ತಾರೆ. ಇಬ್ಬರಲ್ಲೂ ಹಸಿವು ಮನುಷ್ಯನಿಗೆ ಆಗುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಮನುಷ್ಯನೇ ‘ಹಂಗ್ರಿ’ ಆಗುತ್ತಾನೆ. “ನಾಳೆ ಬರ್ತೀನಿ ಅಂತ ಅಂದಾನ” ಎಂಬುದನ್ನು ನಮ್ಮ ದಖನಿ “ಕಲ್ ಆತೂಂ ಬೋಲ್ಕೆ ಬೋಲ್ಯಾ” ಎನ್ನುತ್ತದೆ. ಕನ್ನಡದ ‘ಅಂತ’ವೇ ದಖನಿಯ ‘ಬೋಲ್ಕೆ’. ಎರಡರಲ್ಲೂ ಆಡಿದವನ ಮಾತು ಆಡಿದಂತೆಯೇ ಉಳಿಯುತ್ತದೆ. ಇಂಗ್ಲಿಷ್ ಮಾತ್ರ ‘ನಾನು’ ಎಂಬುದನ್ನು ‘ಅವನು’ ಮಾಡಿ, ‘ನಾಳೆ’ಯನ್ನು ‘ಮರುದಿನ’ ಮಾಡಿ, ಕಾಲವನ್ನೂ ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತದೆ. ಸಾಂಗ್ಲಿ ಜಿಲ್ಲೆಯ ಗಡಿಹಳ್ಳಿ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ಬೇರೆ ಬೇರೆ ಪದಗಳನ್ನಿಟ್ಟುಕೊಂಡೇ ವಾಕ್ಯರಚನೆಯಲ್ಲಿ ಒಂದಾಗಿಬಿಟ್ಟಿವೆ ಎಂದು ಗಂಪರ್ಜ್ ಮತ್ತು ವಿಲ್ಸನ್ ಎಂಬ ಭಾಷಾವಿಜ್ಞಾನಿಗಳು 1971ರಲ್ಲಿ ತೋರಿಸಿಕೊಟ್ಟರು. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು ಭಾಷೆ ಆಡುವ ಚಿಂಚೋಳಿ, ಸೇಡಂ ಗಡಿಯ ನಮ್ಮ ಜನರಿಗೆ ಇದು ಹೊಸ ಸಂಗತಿಯಲ್ಲ. ಇವರು ಬಹುಭಾಷಾ ಪಂಡಿತರು, ಪ್ರಮಾಣಪತ್ರ ಇಲ್ಲ ಅಷ್ಟೆ.

ಈ ಬಂಡವಾಳವನ್ನು ಹೊರತೆಗೆಯುವ ಸಾಧನ ಕತೆ. ಇಂಗ್ಲಿಷಿನ ‘ಎ’ ಮತ್ತು ‘ದಿ’ಗಳ ನಿಯಮವನ್ನು ಎಷ್ಟು ಬಾಯಿಪಾಠ ಮಾಡಿದರೂ ಬಳಸುವಾಗ ತಪ್ಪುತ್ತದೆ, ಏಕೆಂದರೆ ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಅಂಥ ಪದಗಳಿಲ್ಲ. ಆದರೆ ಅಜ್ಜಿಯ ಕತೆ ನೆನಪಿಸಿಕೊಳ್ಳಿ. “ಒಂದೂರಾಗ ಒಬ್ಬ ಮುದುಕಿ ಇದ್ದಳು. ಆ ಮುದುಕಿಗೆ...” ಮೊದಲ ಸಲ ಬಂದಾಗ ‘ಒಬ್ಬ’, ಪರಿಚಯವಾದ ಮೇಲೆ ‘ಆ’. ಇಂಗ್ಲಿಷಿನ ಎರಡು ಪದಗಳ ಮುಖ್ಯ ಗುಟ್ಟು ಇಷ್ಟೇ. ಆರ್. ಕೆ. ನಾರಾಯಣರ 1947ರ ಸಂಕಲನದಲ್ಲಿರುವ ಜ್ಯೋತಿಷಿಯ ಕತೆಯನ್ನು ನೋಡಿ. ಬೀದಿಬದಿಯಲ್ಲಿ ಕೂತ ಜ್ಯೋತಿಷಿಯ ಮುಂದೆ ಒಂದು ಸಂಜೆ ಗಿರಾಕಿಯೊಬ್ಬ ಬಂದು ನಿಲ್ಲುತ್ತಾನೆ. ವರ್ಷಗಳ ಹಿಂದೆ ತಾನೇ ಇರಿದು, ಸತ್ತನೆಂದು ತಿಳಿದಿದ್ದ ಮನುಷ್ಯ ಅವನೇ ಎಂದು ಜ್ಯೋತಿಷಿಗೆ ತಿಳಿಯುತ್ತದೆ. ಸಂಜೆ ಗಿರಾಕಿ ‘ಬಂದ’, ಜ್ಯೋತಿಷಿ ಹಿಂದೊಮ್ಮೆ ಊರು ಬಿಟ್ಟು ‘ಬಂದಿದ್ದ’. ಉರ್ದುವಿನಲ್ಲಿ ‘ಆಯಾ’ ಮತ್ತು ‘ಆಯಾ ಥಾ’. ಇಂಗ್ಲಿಷ್ ಪುಸ್ತಕ ಪಾಸ್ಟ್ ಪರ್ಫೆಕ್ಟ್ ಎಂದು ಹೆದರಿಸುವುದು ಇದನ್ನೇ. ಕತೆಯಲ್ಲಿ ಮುಂದೇನಾಯಿತು ಎಂದು ತಿಳಿಯುವ ಆತುರವಿರುವಾಗ ಯಾವುದು ಮೊದಲು, ಯಾವುದು ಆಮೇಲೆ ಎಂದು ವಯಸ್ಕನಿಗೆ ಯಾರೂ ಹೇಳಿಕೊಡಬೇಕಾಗುವುದಿಲ್ಲ. ಬದುಕಿನಲ್ಲಿ ಜಗಳ, ಸಾಲ, ವಲಸೆ ಕಂಡವನು ಅವನು. ಆ ತಿಳುವಳಿಕೆಯ ಮೇಲೆ ನಿಯಮವನ್ನು ಕೂರಿಸುವುದು ಸುಲಭ.

ಇದು ಕೇವಲ ನಮ್ಮ ಊಹೆಯಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ವಿಶ್ವದ ಭಾಷಾಶಿಕ್ಷಕರಲ್ಲಿ ಹೆಸರಾಯಿತು. ವ್ಯಾಕರಣದ ಪಾಠ ಮಾಡದೆ, ನಕ್ಷೆ, ವೇಳಾಪಟ್ಟಿಗಳಂಥ ಸಣ್ಣ ಸಮಸ್ಯೆಗಳನ್ನು ಮಕ್ಕಳಿಂದ ಇಂಗ್ಲಿಷಿನಲ್ಲಿ ಬಿಡಿಸುವುದು ಅದರ ಕ್ರಮ. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ರಚನೆ ತಾನಾಗಿ ಕೂಡುತ್ತದೆ ಎಂಬುದು ಅವರ ವಾದ. ಅಲ್ಲಿದ್ದವರು ಮಕ್ಕಳು. ವಯಸ್ಕರಿಗೆ ಅರ್ಥದ ಹಸಿವು ಇನ್ನೂ ಹೆಚ್ಚು.

ಈಗಿನ ಅಗತ್ಯ

2025ರಲ್ಲಿ ಬಾನು ಮುಷ್ತಾಕ್ ಅವರ ಕನ್ನಡ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಸಣ್ಣಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಆ ಇಂಗ್ಲಿಷಿನಲ್ಲಿ ಕನ್ನಡ, ಉರ್ದು, ಅರಬಿ ಪದಗಳು ಅಡಿಟಿಪ್ಪಣಿಯ ಊರುಗೋಲಿಲ್ಲದೆ ನಡೆದಾಡುತ್ತವೆ. ಶಹಾಬಾದಿನ ಗೃಹಿಣಿಯೊಬ್ಬಳು ಅದನ್ನು ಹಿಡಿದರೆ ಎಡವುವುದು ಇಂಗ್ಲಿಷ್ ಪದಗಳಲ್ಲಿ ಮಾತ್ರ. ಅಲ್ಲಿನ ಮನೆ, ಜಗಳ, ಕಣ್ಣೀರು ಅವಳಿಗೆ ಮೊದಲೇ ಗೊತ್ತು. ಲಂಡನ್ನಿನ ಓದುಗನಿಗೆ ಕಷ್ಟವಾಗುವ ಪದ ಅವಳಿಗೆ ಸುಲಭ. ಕಲಿಕೆಯಲ್ಲಿ ಇಂಥ ಮೇಲುಗೈ ನಮ್ಮವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಕಾರ್ಖಾನೆಯ ಕಾಲೊನಿ, ಮಸೀದಿಯ ಪಡಸಾಲೆ, ಗ್ರಂಥಾಲಯ, ಶಾಲೆಯ ಒಂದು ಕೋಣೆ ಸಾಕು. ವಾರಕ್ಕೊಂದು ಕತೆ. ಮೊದಲು ಅದನ್ನು ಕನ್ನಡದಲ್ಲೋ ದಖನಿಯಲ್ಲೋ ಹೇಳಿಬಿಡಬೇಕು. ಬಳಿಕ ಇಂಗ್ಲಿಷಿನಲ್ಲಿ ನಿಧಾನವಾಗಿ ಓದಬೇಕು. ಆ ದಿನ ಎದುರಾದ ಒಂದೇ ಒಂದು ನಿಯಮವನ್ನು ಹಲಗೆಯ ಮೇಲೆ ಬರೆಯಬೇಕು. ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಬದುಕಿನ ಐದು ವಾಕ್ಯಗಳನ್ನು ಆ ನಿಯಮದಲ್ಲಿ ಬರೆಯಬೇಕು. ಇನ್ನೂರು ವರ್ಷಗಳ ಹಿಂದೆ ಕಂಪನಿಯ ಸಾಹೇಬರಿಗೆ ದೊರೆತ ಸವಲತ್ತು ನಮ್ಮ ರಾತ್ರಿ ಪಾಳಿಯ ಕಾರ್ಮಿಕನಿಗೂ, ಬೀಡಿ ಕಟ್ಟುವ ತಾಯಿಗೂ ದೊರೆಯಲಿ ಎಂದಷ್ಟೇ ನಾವು ಕೇಳುತ್ತಿದ್ದೇವೆ. ತನ್ನ ಮಗನ ಕಾಲೇಜಿನಿಂದ ಬಂದ ಪತ್ರವನ್ನು ತಾನೇ ಓದಿ, ತಾನೇ ಉತ್ತರ ಬರೆದ ದಿನ ಆ ತಾಯಿ ಯಾರ ಬಾಗಿಲನ್ನೂ ಕಾಯಬೇಕಾಗಿಲ್ಲ.