ಎತ್ತಿನ ಪೆಟ್ಟಿಗೆ, ಮರದ ಪೆಟ್ಟಿಗೆ

ಭದ್ರಾವತಿಯಲ್ಲಿ ರೈಲು ಹತ್ತಿ ಶಿವಮೊಗ್ಗ ದಾಟಿ ಹೋದರೆ ಸಾಗರ ಸಿಗುತ್ತದೆ. 1951ರ ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರನ್ನು ಪೊಲೀಸರು ಹಿಡಿದದ್ದು ಆ ಸಾಗರದಲ್ಲೇ. ಕಾಗೋಡು ಅನ್ನೋ ಸಣ್ಣ ಊರಿನ ಗೇಣಿದಾರರ ಬೆನ್ನಿಗೆ ನಿಂತದ್ದು ಅವರ ಅಪರಾಧ. ಅದಾಗಿ ವರ್ಷ ತುಂಬುವ ಮೊದಲೇ ಈ ಜಿಲ್ಲೆಯ ಜನ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಓಟು ಹಾಕಿದರು. ಗೇಣಿದಾರರ ಪರವಾಗಿ ಜೈಲಿಗೆ ಹೋದವರೂ ಗೆದ್ದರು, ಗೇಣಿ ವಸೂಲು ಮಾಡುತ್ತಿದ್ದವರೂ ಗೆದ್ದರು. ಈ ಚುನಾವಣೆಯನ್ನು ಶಿವಮೊಗ್ಗದ ಸಭೆಗಳಲ್ಲಿ ಸಮಾಜವಾದಿಗಳ ಮೊದಲ ವಿಜಯ ಅಂತ ನೆನೆಯುತ್ತಾರೆ. ನೆನೆಯಲಿ. ಆದರೆ ಆ ವಿಜಯದ ಲೆಕ್ಕದಲ್ಲಿ ನಮ್ಮ ಕೇರಿಯವರು ಎಲ್ಲಿದ್ದರು ಅಂತ ಕೇಳುವ ಹಕ್ಕು ನಮಗೂ ಇದೆ.

ಹಳೆಯ ಲೆಕ್ಕ ಮೊದಲು ನೋಡೋಣ. ಮೈಸೂರನ್ನು ಬ್ರಿಟಿಷರು ಒಡೆಯರಿಗೆ ಹಿಂತಿರುಗಿಸಿದ್ದು 1881ರ ಮಾರ್ಚಿಯಲ್ಲಿ. ಅದೇ ವರ್ಷದ ದಸರೆಗೆ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕರೆದರು. ಬಂದವರು 144 ಮಂದಿ, ಜಮೀನುಳ್ಳವರು ಮತ್ತು ವ್ಯಾಪಾರಸ್ಥರು. ದೇಶದ ಸಂಸ್ಥಾನಗಳಲ್ಲೇ ಮೊದಲನೆಯದು ಅಂತ ಇವತ್ತಿಗೂ ಹೊಗಳುತ್ತಾರೆ. ಆ ಸಭೆಗೆ ಅಧಿಕಾರ ಏನೂ ಇರಲಿಲ್ಲ. ದಿವಾನರ ಭಾಷಣ ಕೇಳಬೇಕು, ಅಹವಾಲು ಹೇಳಬೇಕು, ಊರಿಗೆ ಹೋಗಬೇಕು. ಹತ್ತು ವರ್ಷದ ಮೇಲೆ, 1891ರಲ್ಲಿ, ಅದಕ್ಕೆ ಚುನಾವಣೆ ಬಂತು. ಓಟು ಯಾರಿಗೆ? ದೊಡ್ಡ ಮೊತ್ತದ ಕಂದಾಯ ಕಟ್ಟುವವರಿಗೆ, ಅಂಗಡಿ ಮುಂಗಟ್ಟಿನ ತೆರಿಗೆ ಕಟ್ಟುವವರಿಗೆ, ಮತ್ತು ಪದವೀಧರರಿಗೆ. ನಾನು ನಮ್ಮ ಮನೆಯ ಮೊದಲ ಪದವೀಧರ. ಈ ಮೂರನೆಯ ಮಾತು ಓದಿದಾಗ ನನಗೆ ನಗು ಬಂತು. ಶಾಲೆಯ ಜಗಲಿ ಹತ್ತಲು ಬಿಡದವರಿಗೆ ಡಿಗ್ರಿ ತಂದರೆ ಓಟು ಕೊಡುತ್ತೇವೆ ಅಂದಂಗಾಯ್ತು! ಆಗ ಬೆಂಕಿಪುರ ಅನ್ನಿಸಿಕೊಂಡಿದ್ದ ನಮ್ಮ ಭದ್ರಾವತಿಯ ಹೊಲಗೇರಿಗೆ ಇಂಥದೊಂದು ಚುನಾವಣೆ ನಡೆದ ಸುದ್ದಿಯಾದರೂ ಬಂದಿತ್ತೆ? 1923ರ ಕಾಯಿದೆಯಲ್ಲಿ ಆಸ್ತಿಯ ಮಿತಿ ಇಳಿಯಿತು, ಹೆಂಗಸರಿಗೂ ಓಟು ಬಂತು. ಆಸ್ತಿಯೇ ಇಲ್ಲದವರಿಗೆ ಎಷ್ಟು ಇಳಿದರೇನು?

ಇಪ್ಪತ್ತೊಂದು ವರ್ಷ ತುಂಬಿದವರಿಗೆಲ್ಲ ಓಟು ಅಂತ ಆದದ್ದು ಸಂವಿಧಾನ ಬಂದ ಮೇಲೆ. ಇದನ್ನು ಅಂಬೇಡ್ಕರ್ 1920ರ ದಶಕದಲ್ಲೇ, ಸೈಮನ್ ಕಮಿಷನ್ನಿನ ಕಾಲದಲ್ಲೇ ಕೇಳಿದ್ದರು ಅನ್ನೋದನ್ನು ಮರೆಯಬಾರದು.

ಈಗ ಕಾಗೋಡಿಗೆ ಬರೋಣ. ಗೇಣಿ ಭತ್ತ ಅಳೆಯುವ ಪಾತ್ರೆ ಕೊಳಗ. ಧಣಿಗಳ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಉಳುತ್ತಿದ್ದವರು ಹೆಚ್ಚಿನವರು ದೀವರು. ಅಳತೆಯಲ್ಲಿ ಮೋಸ, ಮೇಲೆ ಬಿಟ್ಟಿ ಚಾಕರಿ. ಎಚ್. ಗಣಪತಿಯಪ್ಪ ಇವರನ್ನೆಲ್ಲ ರೈತ ಸಂಘಕ್ಕೆ ಸೇರಿಸಿ ಸರಿಯಾದ ಕೊಳಗ ಕೇಳಿಸಿದರು. ಕೇಳಿದ್ದಕ್ಕೆ ಜಮೀನು ಬಿಡಿಸಿದರು. 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹೊತ್ತು ಅದೇ ಗದ್ದೆಗೆ ಇಳಿದರು. ಸೋಷಲಿಸ್ಟ್ ಪಕ್ಷ ಸೇರಿಕೊಂಡಿತು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಸತ್ಯಾಗ್ರಹಿಗಳಿಗೆ ಲಾಠಿ, ಜೈಲು, ಎಲ್ಲ ಆಯ್ತು.

ಇಂಥಾ ಬೇಗೆಯಲ್ಲಿ ಚುನಾವಣೆ ಬಂತು. ಅಂದಿನ ಪದ್ಧತಿಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಮೇಲೆ ಗುರುತು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸೋಷಲಿಸ್ಟರಿಗೆ ಮರ. ಎತ್ತು ಹೂಡುವವನ ಹತ್ತಿರ ಎತ್ತಿನ ಗುರುತಿನ ಹೆಸರಲ್ಲಿ ಓಟು ಕೇಳಲು ಧಣಿಗಳ ಪಕ್ಷ ಬರುತ್ತದೆ! ಸಾಗರ-ಹೊಸನಗರ ಕ್ಷೇತ್ರದ ಜನ ಮರದ ಪೆಟ್ಟಿಗೆ ತುಂಬಿಸಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದರು. ಅದೇ ಚುನಾವಣೆಯಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದವರು ಕಾಂಗ್ರೆಸ್ಸಿನ ಕೆ.ಜಿ. ಒಡೆಯರ್, ಕಾಗೋಡಿನ ಜಮೀನ್ದಾರರು. 1957ರಲ್ಲೂ ಅವರೇ ಗೆದ್ದರು. ಕೊಳಗ ದೊಡ್ಡದಾಯ್ತು ಅಂದವನು ಬೆಂಗಳೂರಿಗೆ, ಕೊಳಗ ಹಿಡಿದವನು ದಿಲ್ಲಿಗೆ. ಒಂದೇ ಜಿಲ್ಲೆಯ ಜನ ಕೊಟ್ಟ ತೀರ್ಪು ಇದು.

ನಮ್ಮ ಮುತ್ತಜ್ಜಿ ಆ ವರ್ಷ ಓಟು ಹಾಕಿದ್ದಳಂತೆ. ಅದನ್ನು ನಮ್ಮಜ್ಜಿ ಅವಳ ಮಾತಲ್ಲೇ ಹೇಳುತ್ತಿದ್ದಳು: “ಎತ್ತಿನ ಡಬ್ಬಿಗೆ ಹಾಕ್ರೇ ಅಂತ ಪಟೇಲ್ರು ಕಡೇರು ಗಾಡೀಲಿ ಕರ್ಕೊಂಡೋದ್ರು. ಒಳಗೆ ಹೋದ್ರೆ ಒಬ್ರೂ ಇಲ್ಲ ಕಣವ್ವ. ನಾನು, ಡಬ್ಬಿ, ಅಷ್ಟೇಯ.” ಯಾವುದಕ್ಕೆ ಹಾಕಿದೆ ಅಂತ ಕೇಳಿದರೆ ಸಾಯೋವರೆಗೂ ಬಾಯಿ ಬಿಡಲಿಲ್ಲವಂತೆ. ಹಟ್ಟಿಯಲ್ಲಿ, ಗದ್ದೆಯಲ್ಲಿ, ಧಣಿಯ ಹಿತ್ತಲಲ್ಲಿ ಯಾವಾಗಲೂ ಒಬ್ಬರ ಕಣ್ಣಿನ ಕೆಳಗೇ ಬದುಕಿದ ಹೆಂಗಸು ಅವಳು. ಅಂದು ಅವಳ ಕೈಯನ್ನು ನೋಡುವವರು ಯಾರೂ ಇರಲಿಲ್ಲ.

ಆ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಬಂದವು 74. ಸೋಷಲಿಸ್ಟರಿಗೆ 3. ಅಂಬೇಡ್ಕರರ ಪರಿಶಿಷ್ಟ ಜಾತಿಗಳ ಒಕ್ಕೂಟಕ್ಕೆ, ಆನೆಯ ಗುರುತಿಗೆ, 2. ಎಲ್ಲರಿಗೂ ಓಟು ಕೇಳಿದ್ದ ಅಂಬೇಡ್ಕರ್ ಅವರೇ ಬೊಂಬಾಯಿಯಲ್ಲಿ ಕಾಂಗ್ರೆಸ್ಸಿನ ನಾರಾಯಣ ಕಜ್ರೋಳ್ಕರ್ ಎದುರು ಸುಮಾರು 14,500 ಓಟುಗಳಿಂದ ಸೋತರು.

ಗೋಪಾಲಗೌಡರನ್ನು ಹಳಿಯಲು ಇದನ್ನೆಲ್ಲ ಬರೆಯುತ್ತಿಲ್ಲ. ಅವರಂಥ ಇನ್ನೊಬ್ಬ ಶಾಸಕನನ್ನು ಈ ಜಿಲ್ಲೆ ಕಂಡಿಲ್ಲ ಅನ್ನೋದೇ ನನ್ನ ಅಭಿಪ್ರಾಯ. 1972ರಲ್ಲಿ ತೀರಿಕೊಂಡರು, ಶಿವಮೊಗ್ಗದಲ್ಲಿ ಅವರ ಹೆಸರಿನ ಬಡಾವಣೆಯೇ ಇದೆ. ಅವರು ಹೋಗಿ ಎರಡು ವರ್ಷಕ್ಕೆ, 1974ರ ಮಾರ್ಚ್ 1ರಿಂದ, ದೇವರಾಜ ಅರಸರ ಭೂಸುಧಾರಣೆ ಜಾರಿಗೆ ಬಂತು. ಗೇಣಿದಾರ ಭೂಮಿಯ ಒಡೆಯನಾದ. ಮುಂದೆ ಅದೇ ಕಾಗೋಡಿನ ಕಾಗೋಡು ತಿಮ್ಮಪ್ಪ 2013ರಲ್ಲಿ ವಿಧಾನಸಭೆಯ ಸ್ಪೀಕರ್ ಪೀಠದಲ್ಲೂ ಕೂತರು. ಕೊಳಗದ ಜಗಳ ಅಲ್ಲಿಯವರೆಗೆ ಮುಟ್ಟಿತು.

ಆದರೆ ‘ಉಳುವವನೇ ಹೊಲದೊಡೆಯ’ ಅನ್ನೋ ಮಾತಿನಲ್ಲಿ ಉಳುವವನು ಅಂದರೆ ಯಾರು? ಕಾನೂನಿನ ಕಣ್ಣಿಗೆ ಗೇಣಿ ಕೊಟ್ಟವನು. ಭೂಮಿ ಬೇಕಾದವರು ಏಳನೇ ನಮೂನೆಯ ಅರ್ಜಿ ತುಂಬಬೇಕು. ಯಾವ ಸರ್ವೆ ನಂಬರು, ಯಾರ ಗೇಣಿ ಅಂತ ಬರೆಯಬೇಕು. ಅದೇ ಗದ್ದೆಯಲ್ಲಿ ನಾಟಿ ಮಾಡಿ, ಕೊಯ್ದು, ಕಣದಲ್ಲಿ ಬಡಿದು ರಾಶಿ ಹಾಕಿ, ಸಂಜೆಗೆ ಸೆರಗಿನಲ್ಲಿ ಎರಡು ಸೇರು ಕಟ್ಟಿಸಿಕೊಂಡು ಬಂದವರು ಏನಂತ ಬರೆಯಬೇಕು? ಜೀತಕ್ಕಿದ್ದವನಿಗೆ ಗೇಣಿ ಚೀಟಿ ಕೊಟ್ಟವರು ಯಾರು? ದೊಡ್ಡ ಕೊಳಗವೂ ಚಿಕ್ಕ ಕೊಳಗವೂ ನಮ್ಮ ಮನೆ ಬಾಗಿಲಿಗೆ ಬಂದದ್ದಲ್ಲ, ನಮ್ಮಲ್ಲಿ ಅಳೆಯಲು ಭತ್ತವೇ ಇರಲಿಲ್ಲ.

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ್ದು ಕಾರ್ಖಾನೆಯ ಹೊಗೆ ಕುಡಿದ ಭದ್ರಾವತಿ. ಹರಿಹರದಿಂದ ಬಂದು ಇಲ್ಲಿನ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಇಲ್ಲಿಂದ ಕಟ್ಟಿದರು. ಓಟಿನ ಚೀಟಿ ಕೈಗೆ ಬಂದು ಇಪ್ಪತ್ತು ವರ್ಷ ದಾಟಿದ್ದವರು ಭೂಮಿಯ ಚೀಟಿಗಾಗಿ ತಾಲ್ಲೂಕು ಕಚೇರಿಗಳ ಮುಂದೆ ಬಂದು ಕೂತರು.